ಹಿಂದಿನ ಸಾಲಿನ ಕ್ಯಾಸೆಟ್‌ಗಳನ್ನು ಮೊದಲು ಉಳಿಸಿ

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಮನೆಗಳಲ್ಲಿ ಕ್ಯಾಸೆಟ್‌ಗಳು ಎರಡು ಸಾಲಾಗಿ ಕುಳಿತಿರುತ್ತವೆ. ಮುಂದಿನ ಸಾಲಿನಲ್ಲಿ ಭೀಮಸೇನ ಜೋಶಿಯವರ ದಾಸರ ಪದಗಳು, ಮಲ್ಲಿಕಾರ್ಜುನ ಮನ್ಸೂರರ ವಚನಗಳು, ಸಿ. ಅಶ್ವತ್ಥರು ಹಾಡಿದ ಷರೀಫರ ತತ್ವಪದಗಳು, ಒಂದೆರಡು ಸುಪ್ರಭಾತ. ಮನೆಗೆ ಬಂದವರ ಕಣ್ಣಿಗೆ ಬೀಳಲಿ ಎಂದು ಇಟ್ಟವು ಇವು. ಅವುಗಳ ಬೆನ್ನಿಗೆ, ಇಲ್ಲವೇ ಟ್ರಂಕಿನ ತಳದಲ್ಲಿ, ಇನ್ನೊಂದು ಸಾಲು: ಕಂಪನಿ ನಾಟಕದ ಹಾಸ್ಯದ ಹಾಡುಗಳು, ಇಬ್ಬರು ಜಿದ್ದಿಗೆ ಬಿದ್ದು ಹಾಡಿದ ಕವ್ವಾಲಿ, ತೆಲುಗು ಸಿನಿಮಾದ ಕುಣಿತದ ಹಾಡುಗಳು, ಝಂಕಾರ್ ತಾಳ ಕೂಡಿಸಿದ ಹಿಂದಿ ಹಾಡುಗಳು, ಜಾತ್ರೆಯಲ್ಲಿ ಕೊಂಡ ದ್ವಂದ್ವಾರ್ಥದ ಜಾನಪದ ಗೀತೆಗಳು. ಇವನ್ನು ಕೇಳುವುದು ಒಬ್ಬರೇ ಇದ್ದಾಗ. ಯಾರಾದರೂ ಬಂದರೆ ಧ್ವನಿ ತಗ್ಗುತ್ತದೆ.

ಈ ಕ್ಯಾಸೆಟ್‌ಗಳಿಗೆ ಈಗ ಮೂವತ್ತು ನಲವತ್ತು ವರ್ಷ ವಯಸ್ಸು. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದು ಹೊರಟವರು ಸಹಜವಾಗಿ ಮುಂದಿನ ಸಾಲಿಗೇ ಮೊದಲು ಕೈಹಾಕುತ್ತಾರೆ. ಈ ಕ್ರಮವನ್ನು ತಿರುವಿ ಹಾಕಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮುಂದಿನ ಸಾಲಿನ ಕ್ಯಾಸೆಟ್‌ಗಳ ಮೂಲ ಧ್ವನಿಮುದ್ರಣ ದೊಡ್ಡ ಕಂಪನಿಗಳ ಬಳಿ ಇದೆ, ಮೊಬೈಲಿನಲ್ಲಿ ಹುಡುಕಿದರೂ ಸಿಗುತ್ತದೆ. ನಿಮ್ಮ ಪ್ರತಿ ಹಾಳಾದರೆ ನಷ್ಟ ನಿಮ್ಮ ಮನೆಗಷ್ಟೇ. ಹಿಂದಿನ ಸಾಲಿನಲ್ಲಿ ಸಣ್ಣ ಊರಿನ ಯಾರೋ ತಮ್ಮ ದುಡ್ಡಿನಲ್ಲಿ ತಂದು, ಒಂದು ಜಾತ್ರೆಯಲ್ಲಿ ಮಾರಿ ಮುಗಿಸಿದ ಕ್ಯಾಸೆಟ್ ಇರುತ್ತದೆ. ನಾಟಕದ ಮುಂದಿನ ಸಾಲಿನಲ್ಲಿ ಕುಳಿತ ಒಬ್ಬರು ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ತುಂಬಿಕೊಂಡದ್ದು ಇರುತ್ತದೆ. ಅದರ ಇನ್ನೊಂದು ಪ್ರತಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದಿರಬಹುದು.

ಹಾಗಿದ್ದೂ ಅವನ್ನು ಮುಚ್ಚಿಡುವುದೇಕೆ? ಹಾಡು ಹಿತವಾಗುವುದು ಮಿದುಳಿನ ಕೆಲಸ. ಆ ಹಿತಕ್ಕೆ ನಾಚಿಕೊಳ್ಳುವುದು ಸಮಾಜ ಕಲಿಸಿದ ಪಾಠ. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ.

2001ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರಾದ ಆ್ಯನ್ ಬ್ಲಡ್ ಮತ್ತು ರಾಬರ್ಟ್ ಝಟೋರೆ ಒಂದು ಪ್ರಯೋಗ ಪ್ರಕಟಿಸಿದರು. ಮೈ ಜುಮ್ಮೆನಿಸುವ ಸಂಗೀತವನ್ನು ಕೇಳುಗರೇ ಆರಿಸಿ ತರಬೇಕು. ಅದನ್ನು ಕೇಳುವಾಗ ಅವರ ಮಿದುಳನ್ನು ಸ್ಕ್ಯಾನ್ ಮಾಡುತ್ತಾರೆ. ಊಟದ ರುಚಿಯಂಥ ಸುಖಗಳಿಗೆ ಮಿಡಿಯುವ ಭಾಗಗಳೇ ಇಲ್ಲಿಯೂ ಮಿಡಿದವು. ನನಗೆ ಹೆಚ್ಚು ಮುಖ್ಯವೆನಿಸುವುದು ಆ ಪ್ರಯೋಗದ ಇನ್ನೊಂದು ವಿವರ: ಒಬ್ಬರು ತಂದ ಸಂಗೀತವನ್ನೇ ಇನ್ನೊಬ್ಬರಿಗೆ ಹೋಲಿಕೆಗಾಗಿ ಕೇಳಿಸಿದರು. ಮೊದಲಿನವರಿಗೆ ರೋಮಾಂಚನ ತಂದದ್ದು ಎರಡನೆಯವರಲ್ಲಿ ಅಂಥದ್ದೇನನ್ನೂ ಮಾಡಲಿಲ್ಲ. ಝಟೋರೆ ಅವರ ತಂಡದ ವ್ಯಾಲರಿ ಸಲೀಮ್‌ಪುರ್ ಮತ್ತು ಸಂಗಡಿಗರು 2011ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಷ್ಟದ ತಿರುವು ಬಂದಾಗ ಮಾತ್ರವಲ್ಲ, ಅದು ಇನ್ನೇನು ಬರಲಿದೆ ಎಂದು ಕಾಯುವಾಗಲೂ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಒಸರುತ್ತದೆ ಎಂದು ತೋರಿಸಿದರು. ಪಲ್ಲವಿ ಯಾವಾಗ ತಿರುಗಿ ಬರುತ್ತದೆ ಎಂದು ಗೊತ್ತಿರುವುದೇ ಸುಖದ ಅರ್ಧ ಭಾಗ. ನಾಟಕದ ಹಾಡಾಗಲಿ ದಾಸರ ಪದವಾಗಲಿ, ಪಲ್ಲವಿಗೆ ಮರಳುವ ರೀತಿ ಒಂದೇ.

ಇದಕ್ಕೆ ಎರಡು ಸಂಗತಿಗಳನ್ನು ಸೇರಿಸಬೇಕು. ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಂಕ್ 1968ರಲ್ಲಿ ತೋರಿಸಿದಂತೆ, ಯಾವುದೇ ವಸ್ತು ಪದೇ ಪದೇ ಎದುರಾದರೆ ಅದರ ಮೇಲೆ ಒಲವು ಹುಟ್ಟುತ್ತದೆ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಹತ್ತಿ ಮಾರುಕಟ್ಟೆಯ ಚಹಾದಂಗಡಿಯಲ್ಲಿ ದಿನವೂ ಕಿವಿಗೆ ಬಿದ್ದ ಹಾಡು ನಮ್ಮ ಒಪ್ಪಿಗೆ ಕೇಳದೆಯೇ ಒಳಗೆ ಇಳಿದಿರುತ್ತದೆ. ಇನ್ನೊಂದು, ನಡುವಯಸ್ಸು ದಾಟಿದವರನ್ನು ನೆನಪುಗಳ ಬಗ್ಗೆ ಕೇಳಿದರೆ ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳೇ ದಟ್ಟವಾಗಿ ಬರುತ್ತವೆ. ಆಗ ಕೇಳಿದ ಹಾಡು ಬರೀ ಹಾಡಾಗಿ ಉಳಿದಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಗಂಗಾವತಿಯ ಗಿರಣಿಯಲ್ಲಿ ಕೆಲಸಕ್ಕೆ ಸೇರಿದವರಿಗೆ ಆ ವರ್ಷದ ತೆಲುಗು ಹಾಡು ಭತ್ತದ ತೌಡಿನ ವಾಸನೆಯನ್ನೂ ಹೊತ್ತು ತರುತ್ತದೆ.

ಇನ್ನು ನಾಚಿಕೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯೂ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಜನರ ಅಭಿರುಚಿಯನ್ನು ಅವರ ವರ್ಗ ಮತ್ತು ಓದಿನ ಜೊತೆ ಇಟ್ಟು ನೋಡಿದರು. ಯಾವ ಸಂಗೀತ ಇಷ್ಟ ಎಂದು ಹೇಳುವುದು ನಾನು ಯಾರ ಪೈಕಿ ಎಂದು ಹೇಳುವುದೂ ಹೌದು ಎಂಬುದು ಅವರ ವಾದದ ತಿರುಳು. ಮೇಲಿನವರು ತಮ್ಮ ಅಭಿರುಚಿಯನ್ನೇ ಅಭಿರುಚಿ ಎಂದು ಸ್ಥಾಪಿಸುತ್ತಾರೆ. ಕೆಳಗಿನಿಂದ ಮೇಲೇರುತ್ತಿರುವವರು ತಮ್ಮ ಹಳೆಯ ಇಷ್ಟಗಳನ್ನು ಮರೆಮಾಡುತ್ತಾರೆ. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು, ನೌಕರಿ ಹಿಡಿದು ಪೇಟೆ ಸೇರಿದವರು ಬಯಲಾಟದ ಕ್ಯಾಸೆಟ್ ಹಿಂದಕ್ಕೆ ತಳ್ಳಿ ಮುಂದೆ ಶಾಸ್ತ್ರೀಯ ಸಂಗೀತ ಇಟ್ಟದ್ದಕ್ಕೆ ಬೇರೆ ವಿವರಣೆ ಬೇಕಿಲ್ಲ.

ನಮ್ಮ ದೇಶದಲ್ಲಿ ಈ ತಳ್ಳಾಟಕ್ಕೆ ಸರ್ಕಾರಿ ಮುದ್ರೆಯೂ ಇತ್ತು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಭಾರತೀಯ ಸಂಗೀತದ ಸೂಕ್ಷ್ಮ ಸ್ವರಗಳು ಅದರಲ್ಲಿ ನುಡಿಯುವುದಿಲ್ಲ ಎಂಬುದು ಕಾರಣ. ಆ ನಿಷೇಧ ಸಡಿಲವಾಗಲು ಮೂರು ದಶಕ ಹಿಡಿಯಿತು. ಆದರೆ ನಮ್ಮ ಕಡೆಯ ಬಯಲಾಟ, ಕಂಪನಿ ನಾಟಕ, ಭಜನೆ, ತತ್ವಪದ ಯಾವುದೂ ಹಾರ್ಮೋನಿಯಂ ಬಿಟ್ಟು ನಿಲ್ಲುವುದಿಲ್ಲ. ಪೆಟ್ಟಿಗೆ ಮಾಸ್ತರರು ಬಾರದಿದ್ದರೆ ಆಟವೇ ಇಲ್ಲ. 1952ರಲ್ಲಿ ಕೇಂದ್ರ ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ಹೊರಗಟ್ಟಿದರು. ಜನ ಸುಮ್ಮನೆ ರೇಡಿಯೊ ಸಿಲೋನ್‌ಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್‌ನಲ್ಲಿ ಆಕಾಶವಾಣಿಯೇ ವಿವಿಧ ಭಾರತಿ ಶುರುಮಾಡಬೇಕಾಯಿತು. ಹೀಗೆ ಸರ್ಕಾರಿ ಧ್ವನಿಭಂಡಾರಕ್ಕೆ ಹೋಗದೆ ಉಳಿದದ್ದರಲ್ಲಿ ಒಂದಷ್ಟು ಮುಂದೆ ಮನೆಯ ಟ್ರಂಕು ಸೇರಿತು. ಆ ಟ್ರಂಕಿನ ಬೆಲೆ ಇರುವುದು ಇಲ್ಲಿ.

ನಮ್ಮ ಮೂರು ಜಿಲ್ಲೆಗಳಿಗೆ ಇನ್ನೂ ಒಂದು ವಿಶೇಷವಿದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದಲ್ಲಿತ್ತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ನೆಂಟಸ್ತನ ಎರಡೂ ಕಡೆ ಉಳಿಯಿತು. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ, ನಿಜಾಮರ ಹೈದರಾಬಾದ್ ಸಂಸ್ಥಾನದವು. 1956ರಲ್ಲಿ ಕರ್ನಾಟಕ ಕೂಡಿದಾಗ ಗದ್ವಾಲ, ಆಲಂಪುರ ಅತ್ತ ಉಳಿದವು. ಇಂಥ ಕಡೆ ಒಂದೇ ಮನೆಯಲ್ಲಿ ಘಂಟಸಾಲರ ತೆಲುಗು ಹಾಡು, ದಖ್ಖನಿ ಉರ್ದುವಿನ ಹಾಸ್ಯ, ಮೊಹರಂ ಪದ, ಜಗನ್ನಾಥದಾಸರ ಕೀರ್ತನೆ ಒಟ್ಟಿಗೆ ಇರುವುದರಲ್ಲಿ ಅಚ್ಚರಿ ಏನಿದೆ? ಮುದಗಲ್ಲಿನ ಮೊಹರಂಗೆ ಹೋಗಿ ಬಂದವರು ಮಾನ್ವಿಯ ದಾಸರ ಆರಾಧನೆಗೂ ಹೋಗುತ್ತಾರೆ. ಆದರೆ ಕನ್ನಡದ ಅಭಿಮಾನಿಗಳೆಂದು ಗುರುತಾದವರಿಗೆ ತೆಲುಗು ಹಾಡು, ಮಡಿಯ ಮನೆಯವರಿಗೆ ಕವ್ವಾಲಿ ಬಹಿರಂಗವಾಗಿ ಕೇಳಲು ಮುಜುಗರ. ಮೂರು ಭಾಷೆಗಳ ಗಡಿಯಲ್ಲಿ ಬೆಳೆದ ಕಿವಿಯನ್ನು ಒಂದೇ ಭಾಷೆಯ ಕಪಾಟಿನಲ್ಲಿ ಕೂಡಿಸಲು ಹೊರಟರೆ ಹಿಂದಿನ ಸಾಲು ಹುಟ್ಟಲೇಬೇಕು.

ಒಂದು ಮಾತು ಇಲ್ಲಿಯೇ ಹೇಳಬೇಕು. ಎಲ್ಲ ಮುಜುಗರವೂ ಸುಳ್ಳಲ್ಲ. ಹೆಣ್ಣನ್ನು ಹೀಯಾಳಿಸುವ, ಒಂದು ಜಾತಿಯವರನ್ನು ಹಂಗಿಸುವ ಹಾಡುಗಳೂ ಆ ಸಾಲಿನಲ್ಲಿವೆ. ಅವನ್ನು ಕೇಳುವಾಗ ಕಸಿವಿಸಿಯಾದರೆ ಅದು ಯೋಗ್ಯವಾದ ಕಸಿವಿಸಿ, ವರ್ಗದ ನಾಚಿಕೆಯ ಜೊತೆ ಬೆರೆಸಬಾರದು. ಅಂಥವನ್ನೂ ಉಳಿಸಿ ಎನ್ನುತ್ತೇನೆ, ಯಾವ ಕಾಲದಲ್ಲಿ ಯಾರು ಯಾರನ್ನು ನೋಡಿ ನಕ್ಕರು ಎಂಬುದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲವಾದ್ದರಿಂದ. ಮೆರವಣಿಗೆಯಲ್ಲಿ ಹಾಕಬೇಕೆಂದೇನೂ ಇಲ್ಲ.

ದೊಡ್ಡ ಹೆಸರಿನವರ ಧ್ವನಿ ಹೇಗೋ ಉಳಿಯುತ್ತದೆ. ರಾಯಚೂರು ಜಿಲ್ಲೆಯಿಂದ ಬಂದು ವಚನ ಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನಲ್ಲಿ ರಾಯಚೂರಿನ ರಂಗಮಂದಿರವೇ ಇದೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಓದು ಬಾರದೆಯೂ ಬುರ್ರಕಥೆಯ ಮಹಾಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. 2014ರಲ್ಲಿ ಅವರು ತೀರಿಕೊಳ್ಳುವ ಮುನ್ನ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತ್ತು, ಅವರ ಕಾವ್ಯಗಳ ದಾಖಲೆಯೂ ಆಯಿತು. ಅವರಷ್ಟು ದೂರ ಹೆಸರು ಹೋಗದ ಹಾಡುಗಾರರು ಪ್ರತಿ ಹೋಬಳಿಯಲ್ಲೂ ಇದ್ದರು. ಅವರ ಧ್ವನಿ ಎಲ್ಲಾದರೂ ಉಳಿದಿದ್ದರೆ ಅರವತ್ತು ನಿಮಿಷದ ಒಂದು ಕ್ಯಾಸೆಟ್ಟಿನ ಬಿ ಬದಿಯಲ್ಲಿ, ಯಾರದೋ ಮದುವೆಯ ಸದ್ದಿನ ನಂತರ.

ಆ ಕ್ಯಾಸೆಟ್ಟಿನ ಒಳಗೆ ಏನಿದೆ ಎಂದು ತಿಳಿದರೆ ಆತುರ ಏಕೆ ಎಂಬುದೂ ತಿಳಿಯುತ್ತದೆ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಸಾಧನದಲ್ಲಿ ರೀಲಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ, 3.81. ತೆಳುವಾದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಒಂದು ಬಗೆಯ ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಧ್ವನಿಯನ್ನು ಬರೆಯುವ, ಓದುವ ಹೆಡ್ಡಿನ ಮುಂದೆ ಸರಿಯುವಾಗ ಧ್ವನಿಯ ಏರಿಳಿತವು ಕಾಂತತ್ವದ ಏರಿಳಿತವಾಗಿ ಆ ಪುಡಿಯಲ್ಲಿ ಕೂರುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ರೀಲು. ತೊಂಬತ್ತು ನಿಮಿಷದ್ದರಲ್ಲಿ ಸುಮಾರು 135 ಮೀಟರನ್ನು ಅದೇ ಡಬ್ಬಿಯೊಳಗೆ ಸುತ್ತಬೇಕಾದ್ದರಿಂದ ರೀಲು ಇನ್ನೂ ತೆಳು. ನೂರಿಪ್ಪತ್ತು ನಿಮಿಷದ್ದು ಎಲ್ಲಕ್ಕಿಂತ ತೆಳು, ಬೇಗ ಹಿಗ್ಗುತ್ತದೆ, ಹೆಚ್ಚು ಸಿಕ್ಕು ಬೀಳುತ್ತದೆ. ದುಡ್ಡು ಉಳಿಸಲು ಉದ್ದದ ಕ್ಯಾಸೆಟ್ಟಿಗೆ ಇಡೀ ರಾತ್ರಿಯ ಬಯಲಾಟ ತುಂಬಿಕೊಂಡಿದ್ದರೆ ಅದನ್ನೇ ಮೊದಲು ಕೈಗೆತ್ತಿಕೊಳ್ಳಿ.

ನಮ್ಮ ಹವೆ ಒಂದು ರೀತಿಯಲ್ಲಿ ಒಳ್ಳೆಯದು, ಇನ್ನೊಂದು ರೀತಿಯಲ್ಲಿ ಕೆಟ್ಟದ್ದು. ಕರಾವಳಿಯ ಕ್ಯಾಸೆಟ್‌ಗಳನ್ನು ತಿನ್ನುವ ಬೂಷ್ಟು ಇಲ್ಲಿ ಕಡಿಮೆ. ಶಾಖ ಮಾತ್ರ ನಿರ್ದಯಿ. ರಾಯಚೂರಿನ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆರ್‌ಸಿಸಿ ಚಾವಣಿಯ ಕೆಳಗಿನ ಅಟ್ಟದಲ್ಲಿ ಅದಕ್ಕಿಂತ ಹೆಚ್ಚು. ಬಿಸಿಗೆ ಡಬ್ಬಿ ಸೊಟ್ಟಗಾಗುತ್ತದೆ. ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆಯ ಅಂಟು ಬಿಟ್ಟು ಮೆತ್ತೆ ಉದುರುತ್ತದೆ. ಸುತ್ತಿಟ್ಟ ರೀಲಿನ ಒಂದು ಪದರದ ಧ್ವನಿ ಪಕ್ಕದ ಪದರಕ್ಕೆ ಮಂದವಾಗಿ ಅಚ್ಚೊತ್ತುತ್ತದೆ. ಹಾಡು ಶುರುವಾಗುವ ಮುನ್ನ ಅದೇ ಹಾಡು ದೂರದಿಂದ ಕೇಳಿಸುವುದು ಈ ಕಾರಣಕ್ಕೆ. ಅದಿರು ಸಾಗುವ ರಸ್ತೆಯ ಪಕ್ಕದ ಮನೆಯಾಗಿದ್ದರೆ ಧೂಳಿನ ಕಾಟ ಬೇರೆ. ಮಣ್ಣಿನ ಮಾಳಿಗೆ ಮನೆ ಇನ್ನೂ ಉಳಿದಿದ್ದರೆ ಅದರ ಒಳಕೋಣೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ: ತಂಪು, ಕತ್ತಲೆ, ದಿನದುದ್ದಕ್ಕೂ ಹೆಚ್ಚು ಏರಿಳಿಯದ ಉಷ್ಣತೆ. ಕ್ಯಾಸೆಟ್‌ಗಳನ್ನು ಪುಸ್ತಕದಂತೆ ನಿಲ್ಲಿಸಿಡಿ. ಅಯಸ್ಕಾಂತ ಇರುವ ಸ್ಪೀಕರಿನ ಮೇಲೆ ಇಡಬೇಡಿ.

ಇಳಿಸಿಕೊಳ್ಳುವ ಕೆಲಸಕ್ಕೆ ಬರೋಣ. ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುವ ಮೊದಲು ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ನೋಡಿ. ಅವು ಇದ್ದರೆ ಮುರಿದುಬಿಡಿ; ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಯುವುದಿಲ್ಲ. ಆಮೇಲೆ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ. ವರ್ಷಗಟ್ಟಲೆ ಬಿಗಿದು ಕುಳಿತ ರೀಲು ಸಡಿಲಗೊಳ್ಳುತ್ತದೆ, ಪಕ್ಕದ ಪದರದಿಂದ ಅಚ್ಚೊತ್ತಿದ ಆ ಪ್ರತಿಧ್ವನಿಯೂ ಸ್ವಲ್ಪ ತಗ್ಗುತ್ತದೆ. ಮೆತ್ತೆ ಉದುರಿದ್ದರೆ, ರೀಲು ತುಂಡಾಗಿದ್ದರೆ, ಸ್ಕ್ರೂ ಇರುವ ಇನ್ನೊಂದು ಹಳೆಯ ಕ್ಯಾಸೆಟ್ಟಿನ ಡಬ್ಬಿಗೆ ರೀಲನ್ನು ವರ್ಗಾಯಿಸಬಹುದು. ತಾಳ್ಮೆ ಬೇಕು, ಕೌಶಲ ಅಷ್ಟೇನೂ ಬೇಡ.

ಯಂತ್ರದ ಆಯ್ಕೆಯಲ್ಲಿ ಜಿಪುಣತನ ಬೇಡ. ಯುಎಸ್‌ಬಿ ತಂತಿ ಸಮೇತ ಅಗ್ಗಕ್ಕೆ ಸಿಗುವ ಕೈಯಳತೆಯ ಪ್ಲೇಯರುಗಳಲ್ಲಿ ವೇಗ ಸ್ಥಿರವಾಗಿರುವುದಿಲ್ಲ. ಎಳೆದು ಹಾಡಿದ ಆಲಾಪ ಅದುರುತ್ತದೆ. ರಿಪೇರಿ ಮಾಡಿಸಿದ ಹಳೆಯ ಟೇಪ್ ಡೆಕ್ ಎಷ್ಟೋ ಮೇಲು. ಅದರ ರಬ್ಬರ್ ಬೆಲ್ಟ್ ಬದಲಿಸಿ, ಹೆಡ್ಡನ್ನೂ ರೀಲು ಎಳೆಯುವ ಉಕ್ಕಿನ ಕಡ್ಡಿಯನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಹಳೆಯ ರೇಡಿಯೊ, ಟಿ.ವಿ. ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್ ನಿಮ್ಮ ಊರಿನಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ ಅವರ ಹತ್ತಿರ ಹೋಗಿ. ಅವರಿಗೆ ಗೊತ್ತಿರುವ ಒಂದು ಗುಟ್ಟು ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ. ರೀಲಿಗೆ ಹೆಡ್ಡಿನ ಸೀಳು ಸರಿಯಾಗಿ ಲಂಬವಾಗಿರಬೇಕು. ಕೂದಲೆಳೆಯಷ್ಟು ವಾರೆಯಾದರೂ ಧ್ವನಿ ಗೋಣಿಯ ಒಳಗಿನಿಂದ ಬಂದಂತೆ ಮಂಕಾಗುತ್ತದೆ. ವಾರೆ ಇದ್ದ ಯಂತ್ರದಲ್ಲಿ ತುಂಬಿದ ಕ್ಯಾಸೆಟ್ಟನ್ನು ಕೇಳಲು ಅಷ್ಟೇ ವಾರೆ ಬೇಕು. ಹಾಡುತ್ತಿರುವಾಗಲೇ ಸ್ಕ್ರೂವನ್ನು ನಿಧಾನವಾಗಿ ತಿರುಗಿಸುತ್ತ, ತಾಳದ ಕಿಣಿಕಿಣಿ ಮತ್ತು ಸಕಾರ ಶಕಾರಗಳು ತೀಕ್ಷ್ಣವಾಗುವ ಜಾಗದಲ್ಲಿ ನಿಲ್ಲಿಸಬೇಕು. ಹಾಳಾಗಿದೆ ಎಂದು ಎಸೆಯಲಿದ್ದ ಕ್ಯಾಸೆಟ್ ಈ ಒಂದು ತಿರುವಿನಲ್ಲಿ ಬಾಯಿ ಬಿಡುವುದನ್ನು ಕೇಳಿದರೆ ಕಣ್ಣು ತುಂಬುತ್ತದೆ. ಸ್ಕ್ರೂ ಮೊದಲು ಎಲ್ಲಿತ್ತು ಎಂದು ಗುರುತು ಹಾಕಿಕೊಂಡಿರಿ.

ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿಗೆ, ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಒಂದು ಆಡಿಯೊ ಇಂಟರ್‌ಫೇಸ್ ಮೂಲಕ ಜೋಡಿಸಿ. ಆಡಾಸಿಟಿ ಎಂಬ ತಂತ್ರಾಂಶ ಉಚಿತ. 48 ಕಿಲೊಹರ್ಟ್ಸ್, 24 ಬಿಟ್ ಎಂದು ಹೊಂದಿಸಿ ಡಬ್ಲ್ಯೂಎವಿ ಕಡತವಾಗಿ ಉಳಿಸಿದರೆ ಒಂದು ಗಂಟೆಗೆ ಸುಮಾರು ಒಂದು ಜಿಬಿ ಜಾಗ ಬೇಕು. ಎಫ್‌ಎಲ್‌ಎಸಿ ರೂಪಕ್ಕೆ ಬದಲಿಸಿದರೆ ಧ್ವನಿ ಒಂದಿಷ್ಟೂ ಕುಂದದೆ ಗಾತ್ರ ಕುಗ್ಗುತ್ತದೆ. ಎಂಪಿ3 ಹಾಗಲ್ಲ, ಕಿವಿಗೆ ಅಷ್ಟಾಗಿ ತಿಳಿಯದು ಎಂದು ಲೆಕ್ಕ ಹಾಕಿದ ಭಾಗವನ್ನು ಕತ್ತರಿಸಿಯೇ ಅದು ಚಿಕ್ಕದಾಗುವುದು. ಮೂಲಪ್ರತಿಯ ಮೇಲೆ ಸದ್ದು ತೆಗೆಯುವ ಯಾವ ಪ್ರಯೋಗವನ್ನೂ ಮಾಡಬೇಡಿ. ಪ್ರೇಕ್ಷಕರ ಕೇಕೆ, ಜನರೇಟರಿನ ಗುಂಯ್‌ಗುಟ್ಟುವಿಕೆ, ಹಾಡಿನ ನಡುವೆ ಆಯೇರಿ, ಅಂದರೆ ಕಾಣಿಕೆ, ಕೂಗುವವರ ಧ್ವನಿ ಎಲ್ಲವೂ ಇರಲಿ. ತೊಳೆದ ಪ್ರತಿ ಬೇಕಿದ್ದರೆ ಬೇರೆಯಾಗಿ ಮಾಡಿಕೊಳ್ಳಿ.

ಕ್ಯಾಸೆಟ್ಟಿಗಿಂತ ಕಷ್ಟದ ಸ್ಥಿತಿಯಲ್ಲಿ ಇರುವುದು ಅದರ ನಂತರದ ಪೀಳಿಗೆ. ಕೀಪ್ಯಾಡ್ ಮೊಬೈಲುಗಳ ಕಾಲದಲ್ಲಿ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದೆವು. ಜಾತ್ರೆಯ ಹಾಡನ್ನು ಅದೇ ಫೋನಿನಲ್ಲಿ ಹಿಡಿಯುತ್ತಿದ್ದೆವು. ಆ ಫೋನುಗಳಲ್ಲಿ ಹೆಚ್ಚಿನವು ಎಎಂಆರ್ ಎಂಬ, ಮಾತಿಗೆಂದೇ ರೂಪಿಸಿದ ಕಡತದಲ್ಲಿ ಧ್ವನಿ ಉಳಿಸುತ್ತಿದ್ದವು. ಅದು ಸೆಕೆಂಡಿಗೆ 8,000 ಬಾರಿ ಮಾತ್ರ ಧ್ವನಿಯನ್ನು ಅಳೆಯುತ್ತದೆ, ಸಿ.ಡಿ.ಯಲ್ಲಿ ಈ ಸಂಖ್ಯೆ 44,100. ತಾಳದ ಮೇಲಿನ ನಾದ ಅದರಲ್ಲಿ ಇಲ್ಲವೇ ಇಲ್ಲ. ಹೋದದ್ದನ್ನು ಮರಳಿ ತರಲಾಗದು, ಆದರೆ ಇದ್ದ ಕಡತವನ್ನು ಹಾಗೆಯೇ ನಕಲು ಮಾಡಿಟ್ಟುಕೊಳ್ಳಬಹುದು. ಮೆಮೊರಿ ಕಾರ್ಡು ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರೊಳಗಿನ ವಿದ್ಯುದಂಶ ಮೆಲ್ಲಗೆ ಸೋರುತ್ತದೆ. ಕ್ಯಾಸೆಟ್ ಹಾಳಾಗುವಾಗ ಧ್ವನಿ ಮಂಕಾಗುತ್ತ ಹೋಗುತ್ತದೆ. ಕಾರ್ಡು ಹಾಳಾದರೆ ಒಂದೇ ಸಲಕ್ಕೆ ಎಲ್ಲವೂ ಹೋಗುತ್ತದೆ. ಹಾಗಾಗಿ ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಕಾರ್ಡುಗಳನ್ನು ಇದೇ ವಾರ ತೆಗೆದು ನೋಡಿ.

ಎಲ್ಲ ಕ್ಯಾಸೆಟ್ಟನ್ನೂ ಇಳಿಸಲು ಪುರಸೊತ್ತು ಇರುವುದಿಲ್ಲ. ಮನೆಯಲ್ಲೇ, ಊರಲ್ಲೇ ತುಂಬಿದವು ಮೊದಲು. ಸ್ಥಳೀಯವಾಗಿ ಅಚ್ಚಾದವು ನಂತರ. ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟು ಅಂಗಡಿಯಲ್ಲಿ ತುಂಬಿಸಿಕೊಂಡ ಕ್ಯಾಸೆಟ್‌ಗಳ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಿ. ಅದರ ಹಾಡುಗಳೆಲ್ಲ ಬೇರೆಡೆ ಸಿಗುತ್ತವೆ, ನಿಜ. ಆದರೆ ಶಿವರಂಜಿನಿ ರಾಗದ ಕಣ್ಣೀರಿನ ಹಾಡಾದ ಮೇಲೆ ಡಿಸ್ಕೊ, ಅದರ ಬೆನ್ನಿಗೆ ಒಂದು ಭಕ್ತಿಗೀತೆ ಎಂಬ ಆ ಕ್ರಮವನ್ನು ಕಟ್ಟಿದ್ದು ಒಬ್ಬ ಮನುಷ್ಯ, ಒಂದು ವಯಸ್ಸಿನಲ್ಲಿ. ಹಾಡು ಇಳಿಸದಿದ್ದರೂ ಪಟ್ಟಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಝಂಕಾರ್ ತಾಳ ಕೂಡಿಸಿದ ರೂಪಗಳೂ ಹಾಗೆಯೇ: ಮೂಲ ಹಾಡು ಬೆರಳ ತುದಿಯಲ್ಲಿದೆ, ನೀವು ಬಸ್ಸಿನಲ್ಲಿ ಕೇಳಿದ ಆ ರೂಪ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇಳಿಸಿದ ಕಡತಕ್ಕೆ ಹೆಸರು ಕೊಡದಿದ್ದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಹಾಡಿದವರು, ಪೆಟ್ಟಿಗೆ ಮತ್ತು ತಬಲಾ ನುಡಿಸಿದವರು, ಊರು, ಸಂದರ್ಭ, ಅಂದಾಜು ವರ್ಷ, ತುಂಬಿದವರು, ಭಾಷೆ ಇಷ್ಟನ್ನೂ ಒಂದು ಪುಟ್ಟ ಪಠ್ಯ ಕಡತದಲ್ಲಿ ಬರೆದು ಹಾಡಿನ ಜೊತೆಗೇ ಇಡಿ. ಡಬ್ಬಿಯ ಚೀಟಿಯ ಎರಡೂ ಬದಿಗಳ ಫೋಟೊ ಇರಲಿ. ಮನೆಯ ಹಿರಿಯರ ಪಕ್ಕ ಕುಳಿತು ಹಾಡು ಹಾಕಿ ಕೇಳಿ, “ಇವರು ಯಾರು ಅಜ್ಜಿ?” ಎಂದರೆ ಹಾಡಿದವರ ಹೆಸರು, ಅವರ ಮನೆತನ, ಅವರು ಆ ವರ್ಷ ಹಾಕಿದ್ದ ಪಾತ್ರ ಎಲ್ಲವೂ ಹೊರಬರುತ್ತದೆ. ಅದನ್ನೂ ಮೊಬೈಲಿನಲ್ಲಿ ತುಂಬಿಕೊಳ್ಳಿ. ಮುಚ್ಚಿಟ್ಟು ಕೇಳುತ್ತಿದ್ದ ಹಾಡಿನ ಬಗ್ಗೆ ಕೇಳಿದಾಗ ಮೊದಲು ನಗು, ಆಮೇಲೆ ಮಾತು. ನನ್ನ ಅನುಭವದಲ್ಲಿ ಆ ಮಾತು ಮುಂದಿನ ಸಾಲಿನ ಯಾವ ಕ್ಯಾಸೆಟ್ಟಿನ ಬಗ್ಗೆಯೂ ಅಷ್ಟು ಉದ್ದ ಹರಿಯುವುದಿಲ್ಲ.

ಕಾನೂನಿನ ವಿಷಯ ಚಿಕ್ಕದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟವಾದ ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಸ್ವಂತ ಬಳಕೆಗೆ ಇಟ್ಟುಕೊಳ್ಳುವುದು ಬೇರೆ, ಅಂತರ್ಜಾಲಕ್ಕೆ ಏರಿಸುವುದು ಬೇರೆ. ಊರಿನ ಕಲಾವಿದರದಾದರೆ ಕಾನೂನಿಗಿಂತ ಮೊದಲು ಅವರನ್ನೋ ಅವರ ಮನೆಯವರನ್ನೋ ಕೇಳಿ.

ಪ್ರತಿ ಒಂದೇ ಕಡೆ ಇರಬಾರದು: ಕಂಪ್ಯೂಟರಿನಲ್ಲಿ ಒಂದು, ಬೇರೆ ಹಾರ್ಡ್ ಡಿಸ್ಕಿನಲ್ಲಿ ಒಂದು, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಇಳಿಸಿಯಾಯಿತೆಂದು ಕ್ಯಾಸೆಟ್ ಎಸೆಯಬೇಡಿ, ನಾಳೆ ಇದಕ್ಕಿಂತ ಒಳ್ಳೆಯ ಯಂತ್ರ ಕೈಗೆ ಸಿಕ್ಕರೆ ಮತ್ತೆ ಇಳಿಸಬಹುದು. ಹಾಡಿದವರ ಮಕ್ಕಳು ಮೊಮ್ಮಕ್ಕಳು ಸಿಕ್ಕರೆ ಅವರಿಗೂ ಒಂದು ಪ್ರತಿ ಸಲ್ಲಬೇಕು. ಅವರಿಗೆ ಪೆನ್‌ಡ್ರೈವ್‌ನಲ್ಲಿ ಕೊಡುವಾಗ ಮೂಲ ಕಡತದ ಜೊತೆಗೆ ಎಂಪಿ3 ಪ್ರತಿಯನ್ನೂ ಹಾಕಿ. ಟ್ರ್ಯಾಕ್ಟರಿನ ಪ್ಲೇಯರಿನಲ್ಲಿ ಅದೇ ಓಡುವುದು.